ಲಡಾಖಿನಿಂದ ತಂದ ಉಸಿರು

ಶಲವಡಿಯ ಎರೆಹೊಲಗಳಲ್ಲಿ ಬೆಳೆದ ನಮಗೆ ಎತ್ತರವೆಂದರೆ ನವಲಗುಂದದ ಗುಡ್ಡ, ಅಷ್ಟೇ. ಎಪ್ಪತ್ತರ ದಶಕದಲ್ಲಿ ಸೈನ್ಯ ಸೇರಿದ ನನ್ನನ್ನು ಲಡಾಖಿಗೆ ಹಾಕಿದರು. ವಿಮಾನ ಇಳಿದು ಹಾಸಿಗೆಯ ಗಂಟು ಎತ್ತಿದ್ದಕ್ಕೇ ತೇಕು ಬಂತು. ತಲೆ ಸಿಡಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ. ನಿದ್ದೆ ಹತ್ತಿದೊಡನೆ ಉಸಿರು ಕಟ್ಟಿದಂತಾಗಿ ಎದ್ದು ಕೂಡುತ್ತಿದ್ದೆ. ಮೊದಮೊದಲು ನಮ್ಮಿಂದ ಯಾವ ಕೆಲಸವನ್ನೂ ಮಾಡಿಸಲಿಲ್ಲ. ಇಲ್ಲಿ ಗಾಳಿ ತೆಳು, ಅದಕ್ಕೆ ತಕ್ಕಂತೆ ಮೈ ರಕ್ತದಲ್ಲಿ ಕೆಂಪುಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ, ಅವಸರ ಬೇಡ ಎಂದು ಡಾಕ್ಟರರು ಹೇಳಿದ್ದನ್ನು ನಾನು ನಂಬಿರಲಿಲ್ಲ. ಆದರೆ ಕೆಲವು ವಾರಗಳಲ್ಲಿ ಹೊರೆ ಹೊತ್ತು, ಮಾತಾಡುತ್ತಲೇ ಏರು ಹತ್ತತೊಡಗಿದೆ.

ಮರುವರ್ಷ ಮಳೆಗಾಲದಲ್ಲಿ ರಜೆಗೆ ಬಂದೆ. ಬೆಟ್ಟದ ಬಿಸಿಲಿಗೆ ಸುಟ್ಟು ಕಪ್ಪಾದ ನನ್ನ ಕೆನ್ನೆ ಸವರಿ ಅವ್ವ ಅತ್ತಳು. ಚೊಚ್ಚಲ ಹೆರಿಗೆಗೆ ಬಂದಿದ್ದ ತಂಗಿಯೂ ಮನೆಯಲ್ಲಿದ್ದಳು. ನಾನು ಬಂದ ಮೂರನೆಯ ದಿನವೇ ಅವಳಿಗೆ ಬ್ಯಾನಿ ಶುರುವಾಯಿತು. ನರ್ಸಬಾಯಿ ಇದ್ದದ್ದು ಪಕ್ಕದ ಊರಿನಲ್ಲಿ. ಹಿಂದಿನ ದಿನದ ಮಳೆಗೆ ದಾರಿಯೆಲ್ಲ ಕೆಸರಾಗಿತ್ತು.

"ಚಕ್ಕಡಿ ಹೋಗೂದಿಲ್ಲೋ, ಹೂತ ಬಿಡತೈತಿ," ಎಂದ ಅಪ್ಪ.

ನಾನು ಓಡಿದೆ. ಎರೆಮಣ್ಣು ಕಾಲಿಗೆ ಗಡ್ಡೆಗಟ್ಟಿ ಅಂಟುತ್ತಿತ್ತು. ಕೊಡವಿ ಮತ್ತೆ ಓಡಿದೆ. ತಂಗಿಯ ಹೆದರಿಕೆ ಒಂದು ಕಡೆ, ಎಷ್ಟು ಓಡಿದರೂ ಏದುಸಿರು ಬಾರದ ಬೆರಗು ಇನ್ನೊಂದು ಕಡೆ. ಊರಿನ ಗಾಳಿ ಅಷ್ಟು ದಟ್ಟವಾಗಿದೆಯೆಂದು ಹುಟ್ಟಿದಾಗಿನಿಂದ ನನಗೆ ಗೊತ್ತೇ ಇರಲಿಲ್ಲ.

ನರ್ಸಬಾಯಿ ವಯಸ್ಸಾದವರು. ಅವರ ಚೀಲ ನಾನು ಹೊತ್ತೆ. ಹಳ್ಳದಲ್ಲಿ ನೀರು ಮೊಣಕಾಲು ಮುಟ್ಟುತ್ತಿತ್ತು. ಒಪ್ಪಿಗೆ ಕೇಳಿ ಅವರನ್ನೂ ಬೆನ್ನ ಮೇಲೆ ಹೊತ್ತು ದಾಟಿಸಿದೆ. ಆಚೆ ದಡದಲ್ಲಿ ಅವರು ನನ್ನ ಮಣಿಕಟ್ಟು ಹಿಡಿದು ನೋಡಿದರು.

"ಓಡಿ ಬಂದಾವನ ನಾಡಿ ಅಲ್ಲಪಾ ಇದು, ಕುಂತಾವನ ನಾಡಿ ಇದ್ದಾಂಗ ಐತಿ," ಎಂದರು. ಡಾಕ್ಟರರ ಮಾತು ನಾನು ನಂಬಿದ್ದು ಆಗ.

ಹೊತ್ತು ಮುಳುಗುವ ಮುಂಚೆ ಸೋದರಸೊಸೆ ಹುಟ್ಟಿದಳು. ತಾಯಿ ಮಗಳು ಇಬ್ಬರೂ ಸುಖವಾಗಿದ್ದರು. ಅಪ್ಪ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಬೆಲ್ಲ ಕೊಟ್ಟ.

ರಜೆ ಮುಗಿಸಿ ಲಡಾಖಿಗೆ ಮರಳಿದಾಗ ನಾನು ಪಳಗಿದವನೆಂಬ ಜಂಬವಿತ್ತು. ಆದರೆ ಊರಿನ ದಟ್ಟ ಗಾಳಿಯಲ್ಲಿದ್ದು ಅಷ್ಟರಲ್ಲಿ ಮೈ ಎಲ್ಲವನ್ನೂ ಮರೆತಿತ್ತು. ಮತ್ತೆ ಅದೇ ತಲೆನೋವು, ಅದೇ ಅರೆನಿದ್ದೆ. ಹೊಸಬರ ಸಾಲಿನಲ್ಲೇ ನನ್ನನ್ನೂ ಮಲಗಿಸಿದರು. ಬೇಸರವಾಗಲಿಲ್ಲ. ಆಗ ಹರೆಯ, ಹೊಸದಾಗಿ ಕಲಿ ಎಂದರೆ ಮೈ ಕಲಿಯುತ್ತಿತ್ತು.