ಚಂದ್ರಿಕೆಗೆ ಬಿಡುವ ನಾಲ್ಕು ದಿನ

ದೊಡ್ಡವ್ವನ ಬೆರಳ ತುದಿಗಳು ಹಿಪ್ಪುನೇರಳೆ ಸೊಪ್ಪಿನ ಕಲೆಯಿಂದ ಸದಾ ಹಸಿರುಗಪ್ಪಾಗಿರುತ್ತಿದ್ದವು. ಅವಳು ನನ್ನ ತಾಯಿಯ ಅಕ್ಕ. ಹರವೆಯ ಹತ್ತಿರ ರೇಷ್ಮೆಹುಳ ಸಾಕುತ್ತಿದ್ದಳು. ಗುಂಡ್ಲುಪೇಟೆಯ ಶಾಲೆಯಲ್ಲಿ ಮೇಡಂ ಆಗಿರುವ ನನ್ನನ್ನೂ ಕೈ ಮೂಸಿ ನೋಡದೆ ಹುಳದ ಮನೆಯೊಳಗೆ ಬಿಡುತ್ತಿರಲಿಲ್ಲ. "ಪೌಡ್ರು ಬಳ್ಕಂಡಿದ್ದೀಯ, ಆ ವಾಸ್ನೆಗೆ ಉಳ ಸಾಯ್ತವೆ, ತೊಳ್ಕಂಡ್ ಬಾ ಓಗು. ನನ್ ಉಳಕ್ಕೆ ನಿನ್ ಮೇಡಮ್‌ಗಿರಿ ಗೊತ್ತಾಗಕಿಲ್ಲ ಕಣಮ್ಮಿ."

ಸಂಜೆಯಾದರೆ ಅವಳಿಗೆ ತಲೆನೋವು. ಪಿತ್ತವೆಂದು ಜೀರಿಗೆ ಕಷಾಯ ಕುಡಿದು, ಹುಳದ ಮನೆಯ ತಂಪು ಕತ್ತಲಲ್ಲಿ ಮಲಗಿಬಿಡುತ್ತಿದ್ದಳು. ಹರವೆಯಲ್ಲಿ ಕಣ್ಣಿನ ತಪಾಸಣೆ ನಡೆದಾಗ ಬಲವಂತವಾಗಿ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಹೇಳಿದರು: "ಕಣ್ಣೊಳಗಿನ ನೀರು ಹರಿದುಹೋಗುವ ಮೂಲೆ ಕಿರಿದಾಗಿದೆ. ವಯಸ್ಸಾದವರಲ್ಲಿ ಇದು ಅಪರೂಪವೇನಲ್ಲ, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಪೂರ್ತಿ ಮುಚ್ಚಿದರೆ ಕಣ್ಣೇ ಹೋಗಬಹುದು. ನಾಳೆಯೇ ಚಾಮರಾಜನಗರಕ್ಕೆ ಬನ್ನಿ, ಲೇಸರ್ ಮಾಡೋಣ."

"ನಾಕ್ ದಿನ ತಡೀರವ್ವ. ಉಳವ ಚಂದ್ರಿಕೆಗೆ ಬುಟ್ಬುಟ್ಟು ಬತ್ತೀನಿ."

ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸವನ್ನು ಅವಳು ಯಾರಿಗೂ ಒಪ್ಪಿಸಿದವಳಲ್ಲ. ನಾಲ್ಕು ದಿನ ತಾನೆ ಎಂದು ನಾನೂ ಹೂಂ ಅಂದೆ.

ಮೂರನೆಯ ಸಂಜೆ ಫೋನ್ ಬಂತು. "ಲೈಟಿನ ಸುತ್ತ ಕಾಮನಬಿಲ್ಲು ಕಟ್ಟ್ಯದೆ ಕಣಮ್ಮಿ. ಎಡಗಣ್ಣು ಸಿಡೀತದೆ." ಬೆಳಿಗ್ಗೆಯಿಂದ ವಾಂತಿಯಂತೆ. ಆಗಲೂ ಪಿತ್ತವೆಂದೇ ಕತ್ತಲಲ್ಲಿ ಮಲಗಿದ್ದಳು. ಕಾರು ಮಾಡಿಕೊಂಡು ಓಡಿದೆ. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದು ಒಂದೇ ಪ್ರಶ್ನೆ: "ಈಗ ಎಲ್ಲಿಗ್ ಬಂದೋ?" ಚಾಮರಾಜನಗರದ ಬೋರ್ಡು ಅವಳ ಎಡಕ್ಕೇ ಇತ್ತು. ಅವಳಿಗೆ ಅದು ಕಾಣಲಿಲ್ಲ.

"ಕತ್ತಲಲ್ಲಿ ಪಾಪೆ ಅಗಲವಾಗಿ ಆ ಮೂಲೆ ಇನ್ನಷ್ಟು ಮುಚ್ಚಿಕೊಳ್ಳುತ್ತದಮ್ಮ," ಎಂದರು ಡಾಕ್ಟರಮ್ಮ. ಬಲಗಣ್ಣು ಉಳಿಯಿತು. ಎಡಗಣ್ಣು ಮತ್ತೆ ಬೆಳಕು ಕಾಣಲಿಲ್ಲ. ಆ ಒಂದು ಹೂಂಗೆ ನನ್ನನ್ನು ನಾನಿನ್ನೂ ಕ್ಷಮಿಸಿಲ್ಲ.

ರಕ್ತಸಂಬಂಧಿಗಳೂ ಕಣ್ಣು ತೋರಿಸಿಕೊಳ್ಳಬೇಕೆಂದರು ಡಾಕ್ಟರಮ್ಮ. ಐವತ್ತು ದಾಟಿದ ನನ್ನ ಕಣ್ಣಲ್ಲೂ ಅದೇ ಕಿರಿದಾದ ಮೂಲೆ. "ಮಕ್ಕಳ ಪರೀಕ್ಷೆ ಮುಗಿಸಿ ಬರ್ತೀನಿ," ಅಂದೆ. ದೊಡ್ಡವ್ವ ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟಳು.

"ಇವತ್ತೇ ಮಾಡ್ರವ್ವ ಇವ್ಳಿಗೆ. ಇವ್ಳ್ದೂ ನಾಕ್ ದಿನ ಶುರುವಾಯ್ತು. ಮುಗಿಯೋಗಂಟ ನಾನು ಏಳಾಕಿಲ್ಲ."

ಏಳಲೂ ಇಲ್ಲ. ಲೇಸರ್ ಕೆಲವೇ ನಿಮಿಷಗಳಲ್ಲಿ ಮುಗಿಯಿತು.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಬಾಯಿಗೆ ನೀರು ಬಿಡುವ ಮುನ್ನ ಕೈ ತೊಳೆದು, ಮೂಸಿ ನೋಡಿಕೊಂಡೆ. ಅವಳ ಮುಖವನ್ನು ಕೊನೆಯ ಸಲ ನನ್ನ ಎರಡೂ ಕಣ್ಣುಗಳಿಂದ ನೋಡಿದೆ.