ದೇವಿಯ ಬಲ, ನನ್ನ ಬಲ

ನನ್ನ ಹೆತ್ತ ಆಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೇಲೆಕೇರಿಯಿಂದ ಬುಟ್ಟಿ ಒಯ್ದು ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು. ಮೀನನ್ನೇನೋ ಮುಟ್ಟಿಯೇ ಗುರುತಿಸುತ್ತಿದ್ದಳು, ಬಸ್ಸಿನ ಬೋರ್ಡನ್ನು ಮುಟ್ಟಿ ನೋಡಲಾದೀತೇ? ಮನೆಗೆ ಹೊರಟವಳು ಎರಡು ಸಲ ನಮ್ಮೂರಲ್ಲಿ ನಿಲ್ಲದ ಬಸ್ಸು ಹತ್ತಿ ಕಾರವಾರದಲ್ಲಿ ಇಳಿದು, ಅಲ್ಲಿಂದ ಫೋನ್ ಮಾಡಿ ನನಗೇ ಬೈದಿದ್ದಳು. ಆಪರೇಷನ್ ಅಂದರೆ ಮಾತ್ರ ಒಂದೇ ಹಟ. ಮೊದಲು ದೇವಿ ಪ್ರಸಾದ ಕೊಡಬೇಕು.

ನಮ್ಮಲ್ಲಿ ಪ್ರಸಾದ ಕೇಳುವುದೆಂದರೆ, ಭಟ್ಟರು ಹೂವಿನ ಒದ್ದೆ ಎಸಳುಗಳನ್ನು ಮೂರ್ತಿಯ ಎರಡೂ ಬದಿಗೆ ಅಂಟಿಸುತ್ತಾರೆ. ದೇವಿಯ ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ನನ್ನನ್ನು ಕೊಟ್ಟ ಹಣಕೋಣದ ಮನೆಯಲ್ಲಿ ಎದುರು ನಿಂತವರ ಬಲವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇದಕ್ಕಾಗಿ ಗಂಡನನ್ನು ಎಷ್ಟೋ ವರ್ಷ ಗೇಲಿ ಮಾಡಿದ್ದೇನೆ.

ಅಂದು ಎಸಳು ಅಂಟಿಸಿ, ಪ್ರಾರ್ಥನೆ ಹೇಳಿ, ಭಟ್ಟರು ಮೊಬೈಲು ಹಿಡಿದು ಹೊರಗೆ ಹೋದರು. ಅಷ್ಟರಲ್ಲಿ ಎಸಳು ಬಿತ್ತು. ದೇವಿಯ ಎಡಕ್ಕೆ, ನನ್ನ ಬಲಕ್ಕೆ.

ಆಯಿ ನನ್ನ ಮುಂಗೈ ಹಿಡಿದಳು. "ಯಾವ ಬದಿಗೆ ಬಿತ್ತು ಮಗಾ?"

"ಬಲಕ್ಕೆ," ಅಂದೆ.

ಯಾರ ಬಲ ಎಂದು ಅವಳು ಕೇಳಲಿಲ್ಲ. ಭಟ್ಟರು ಬರುವಷ್ಟರಲ್ಲಿ ಇನ್ನೊಂದು ಬದಿಯ ಎಸಳೂ ಉದುರಿತ್ತು; ಅವರೂ ನನ್ನ ಮಾತನ್ನೇ ನಂಬಿ ತೀರ್ಥ ಕೊಟ್ಟರು. ನಾನು ಹೇಳಿದ್ದು ಸುಳ್ಳೋ, ಗಂಡನ ಮನೆಯ ಸತ್ಯವೋ, ನನಗೇ ತಿಳಿಯಲಿಲ್ಲ. ಕಾರವಾರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೂ ಅದೇ ಯೋಚನೆ. ಕಣ್ಣು ಹೋದರೆ ಅದು ನನ್ನ ಮಾತಿನಿಂದಲೇ ಹೋದಂತೆ. ಯಾವ ದೇವರಿಗೆ ಹರಕೆ ಹೇಳಬೇಕು, ಗಂಡನ ಮನೆಯ ದೇವರಿಗೋ ತವರಿನ ದೇವಿಗೋ ಎಂಬುದೂ ಹೊಳೆಯಲಿಲ್ಲ.

ಆಪರೇಷನ್ ಆಗಿ ಎರಡೂ ಕಣ್ಣಿಗೆ ಒಂದಾದ ಮೇಲೊಂದು ಚೆನ್ನಾಗಿಯೇ ದೃಷ್ಟಿ ಬಂತು. ಹಣ್ಣುಕಾಯಿ ಮಾಡಿಸಲು ದೇವಸ್ಥಾನಕ್ಕೆ ಹೋದಾಗ ಆಯಿ ಮೂರ್ತಿಯನ್ನು ಬಹಳ ಹೊತ್ತು ನೋಡಿ, ಆ ದಿನ ಎಸಳು ಬಿದ್ದ ಜಾಗ ತೋರಿಸು ಎಂದಳು. ಈಗ ಮುಚ್ಚಿಡುವುದು ಹೇಗೆ? ತೋರಿಸಿದೆ. ಬೈಗುಳಕ್ಕೆ ಕಾಯುತ್ತ ನಿಂತೆ.

ಅವಳು ಸೆರಗು ಸರಿಮಾಡಿಕೊಂಡಳು. "ನಿನ್ನ ಮದ್ವಿಗೆ ಕೇಳ್ದಾಗೂ ಅಲ್ಲೇ ಬಿದ್ದಿತ್ತು. ಹುಡುಗ ಒಳ್ಳೆಯವ ಕಂಡ. ನಾನೂ ಮನೇಲಿ ಬಲ ಅಂತೇ ಹೇಳ್ದೆ."

ಹೊರಗೆ ನನ್ನ ಗಂಡ, ನಮ್ಮಿಬ್ಬರ ಚಪ್ಪಲಿಗಳನ್ನು ನೆರಳಿಗೆ ಸರಿಸಿಟ್ಟು, ತಾನು ಬಿಸಿಲಲ್ಲಿ ಕಾಯುತ್ತಿದ್ದ.