ಅಂಕಲ್ ಪೀಠಿಕೆ

ಹಲಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಹತ್ತನೇ ತರಗತಿಯ ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳುತ್ತಿದ್ದಳು. ಭಾನುವಾರ ಬೆಳಿಗ್ಗೆ ಪ್ರಬಂಧದ ಪಾಠ. ದೀಪಾವಳಿ ಕಳೆದ ಮೇಲೆ ಅವಳು ತೀರಿಕೊಂಡಳು. ಮಕ್ಕಳ ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿದ್ದವು.

ಕಾರ್ಯಗಳೆಲ್ಲ ಮುಗಿದ ವಾರ, ಶಿವಾಜಿನಗರದಿಂದ ಬರುವ ಹುಡುಗಿಯೊಬ್ಬಳ ತಾಯಿ ಮನೆಗೆ ಬಂದರು. ಹೊರಡುವಾಗ ಬಾಗಿಲ ಹತ್ತಿರ ನಿಂತು, “ಪರೀಕ್ಷೆ ತನಕ ನೀವೇ ಹೇಳ್ಕೊಡಿ ಭಾಯ್ಸಾಬ್. ನಮ್ ಮನೇಲಿ ಕನ್ನಡ ಓದಕ್ಕೆ ಯಾರಿಗೂ ಬರಲ್ಲ. ಬೇರೆ ಟ್ಯೂಷನ್‌ಗೆ ಹೋಗು ಅಂದ್ರೆ ಅಳ್ತಾಳೆ” ಎಂದರು.

ಒಪ್ಪಿಕೊಂಡೆ. ಹೆಂಡತಿ ಹೋದಳೆಂದು ಅವಳ ಪಾಠವೂ ಹೋಗಬಾರದು. ಆಗ ನನಗೆ ಬೇಕಾಗಿದ್ದದ್ದು ಅಷ್ಟೇ.

ನಾನು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಾನು ಬರೆದ ಪತ್ರಗಳೆಲ್ಲ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದೇ ಶುರುವಾಗುತ್ತಿದ್ದವು. ಪ್ರಬಂಧದ ಪೀಠಿಕೆಯೂ ಅಂಥದ್ದೇ ಇರಬೇಕೆಂದುಕೊಂಡು, ಎಲ್ಲ ವಿಷಯಕ್ಕೂ ಹೊಂದುವ ಒಂದನ್ನು ತಯಾರು ಮಾಡಿಕೊಂಡೆ. ಮೊದಲ ಭಾನುವಾರ ಅದನ್ನೇ ಬರೆಸಿದೆ: “ಇಂದಿನ ಆಧುನಿಕ ಯುಗದಲ್ಲಿ ಡ್ಯಾಷ್ ಮಹತ್ವದ ಸ್ಥಾನ ಪಡೆದಿದೆ. ಡ್ಯಾಷ್ ಇಲ್ಲದ ಬದುಕನ್ನು ಊಹಿಸಲೂ ಸಾಧ್ಯವಿಲ್ಲ.”

“ಡ್ಯಾಷ್ ಇರೋ ಕಡೆ ಗ್ರಂಥಾಲಯ ಅಂತ ಹಾಕ್ಕೊಳ್ಳಿ, ನೀರು ಅಂತ ಹಾಕ್ಕೊಳ್ಳಿ. ಏನ್ ಕೊಟ್ರೂ ಆಗತ್ತೆ” ಎಂದೆ.

“ಪ್ಲಾಸ್ಟಿಕ್ ಮಾಲಿನ್ಯಕ್ಕೂ ಆಗುತ್ತಾ ಸಾರ್?” ಎಂದು ಕೇಳಿದ ಒಬ್ಬ ಹುಡುಗ. ಮನೆಯಲ್ಲಿ ತಮಿಳು ಮಾತಾಡುವವನು, ಮಾರ್ಕೆಟ್ ಹಿಂದಿನ ಗಲ್ಲಿಯವನು. ಅವನ ಪಕ್ಕದವನು ಕಿಸಕ್ಕೆಂದ. “ಅಂಕಲ್ ಪೀಠಿಕೆ ಮಗಾ” ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು.

“ಹಂಗಂದ್ರೇನಪ್ಪಾ?”

ಶಿವಾಜಿನಗರದ ಹುಡುಗಿ ಬಾಯಿಬಿಟ್ಟಳು. “ಬೇಜಾರ್ ಮಾಡ್ಕೋಬೇಡಿ ಸಾರ್. ಮಿಸ್ ನಿಮ್ ಬಗ್ಗೆ ಹೇಳೋರು. ನಮ್ಮನೆ ಅಂಕಲ್‌ಗೆ ಕಾಫಿ ಬೇಕಿದ್ರೆ ಮೊದ್ಲು ಬಿಸಿಲು ಜಾಸ್ತಿ ಅಂತಾರೆ. ಆಮೇಲೆ ಮೆಟ್ರೋ ರಶ್ಶು ಅಂತಾರೆ. ಆಮೇಲೆ ಅವರ ಆಫೀಸಲ್ಲಿ ಯಾರಿಗೋ ಶುಗರ್ ಬಂತು ಅಂತಾರೆ. ಅಷ್ಟೊತ್ತಿಗೆ ನಾನೇ ಕಾಫಿ ಮಾಡಿ ತಂದಿರ್ತೀನಿ. ಪೇಪರ್ ತಿದ್ದೋರಿಗೆ ಅಷ್ಟು ತಾಳ್ಮೆ ಇರಲ್ಲ ಕಣ್ರೋ ಅಂತ.”

ಮಕ್ಕಳು ನಕ್ಕರು. ನಾನೂ ನಗಲು ನೋಡಿದೆ. ಮುಖ ಬಿಸಿಯಾಯಿತು. ಹೆಂಡತಿ ನನ್ನನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದಳು. ಅವಳು ಈ ಕೋಣೆಯಲ್ಲಿ ಏನು ಹೇಳುತ್ತಿದ್ದಳೆಂದು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನನಗೆ ಒಂದು ಮಾತೂ ಗೊತ್ತಿರಲಿಲ್ಲ.

“ಸರಿ, ಮಿಸ್ ಹೆಂಗೆ ಹೇಳ್ಕೊಡೋರು?” ಎಂದು ಕೇಳಿದೆ. ಗಂಡನಾದವನು ಮಕ್ಕಳನ್ನು ಕೇಳಬೇಕಾದ ಪ್ರಶ್ನೆಯಲ್ಲ ಅದು.

“ಮಿಸ್ ಕಣ್ಮುಚ್ಚಿ ಕೂತ್ಕೊಳೋರು ಸಾರ್. ನಾವು ಓದ್ಬೇಕು. ಯಾವ ಸಾಲಿಗೆ ಕಣ್ ತೆಗೀತಾರೋ ಅಲ್ಲಿಂದ ಪ್ರಬಂಧ ಶುರು. ಅದಕ್ಕಿಂತ ಹಿಂದಿಂದೆಲ್ಲಾ ಹೊಡೆದುಹಾಕ್ಬೇಕು” ಎಂದಳು ಆ ಹುಡುಗಿ.

ನೀರು ಕುಡಿಯಲು ಹೋಗುವಾಗ ಹೆಂಡತಿ ಹಾಗೆ ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೆ. ತೂಕಡಿಸುತ್ತಿದ್ದಾಳೆ ಎಂದುಕೊಂಡಿದ್ದೆ. “ಫೀಸ್ ಇಸ್ಕೊಂಡು ನಿದ್ದೆ ಮಾಡ್ತೀಯಲ್ಲೇ” ಎಂದು ಊಟಕ್ಕೆ ಕೂತಾಗ ರೇಗಿಸಿದ್ದೆ. ಅವಳು “ಹ್ಞೂಂ, ಸಾರು ಹಾಕ್ಲಾ?” ಎಂದಿದ್ದಳು. ಬಿಡಿಸಿ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

“ನೀವೂ ಕಣ್ಮುಚ್ಚಿ ಸಾರ್” ಎಂದಳು ಹುಡುಗಿ.

ಹೆಂಡತಿಯ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಮಾರ್ಕೆಟ್ ಗಲ್ಲಿಯ ಹುಡುಗ ತಾನು ಬರೆದು ತಂದಿದ್ದ ಪ್ರಬಂಧ ಹಿಡಿದು ಎದ್ದು ನಿಂತ. ವಿಷಯ, ಸ್ವಚ್ಛತೆ. “ಸ್ವಚ್ಛತೆಯೇ ಆರೋಗ್ಯದ ತಳಹದಿ” ಎಂದು ಓದಿದ. ಒಳ್ಳೆಯ ಸಾಲು ಎನ್ನಿಸಿ ಕಣ್ಣು ತೆರೆದೆ.

“ಇಷ್ಟ್ ಬೇಗ ತೆಗಿಬಾರ್ದು ಸಾರ್. ಇದಕ್ಕೆಲ್ಲ ಮಿಸ್ ತೆಗೀತಾನೇ ಇರ್ಲಿಲ್ಲ” ಎಂದಳು ಹುಡುಗಿ.

ಮತ್ತೆ ಮುಚ್ಚಿದೆ. ಹುಡುಗ ಮೊದಲಿಂದ ಓದತೊಡಗಿದ. ರೆಪ್ಪೆಯ ಹಿಂದೆ ಕತ್ತಲಲ್ಲಿ ಫ್ಯಾನಿನ ಸದ್ದು, ಪುಟ ತಿರುವುವ ಸದ್ದು, ಯಾರದೋ ಕೆಮ್ಮು. ಎಷ್ಟು ಭಾನುವಾರ ಅವಳು ಇವನ್ನೆಲ್ಲ ಕೇಳುತ್ತ ಕೂತಿರಬಹುದು. ಪಕ್ಕದ ಕೋಣೆಯ ನನ್ನ ಪೇಪರಿನ ಸದ್ದೂ ಕೇಳಿಸಿರಬೇಕು. ಅದನ್ನೇ ಯೋಚಿಸುತ್ತಿದ್ದೆ. ಹುಡುಗನ ದನಿ ಯಾವಾಗ ನಿಂತಿತೋ ತಿಳಿಯಲಿಲ್ಲ.

“ಅಷ್ಟೇ ಸಾರ್. ಮುಗೀತು” ಎಂದ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಒಂದು ಸಾಲೂ ಚೆನ್ನಾಗಿಲ್ವಾ?”

ಕಣ್ಣು ತೆರೆದೆ. ಅವನ ಕಿವಿ ಕೆಂಪಾಗಿತ್ತು. ಅವಳ ಲೆಕ್ಕದಲ್ಲಿ ಕೊನೆಯವರೆಗೂ ಕಣ್ಣು ತೆರೆಯಲಿಲ್ಲವೆಂದರೆ ಇಡೀ ಪ್ರಬಂಧ ಬಿದ್ದುಹೋದಂತೆ. ಮಗು ನಾಚಿಕೊಂಡು ನಿಂತಿತ್ತು, ನಾಚಬೇಕಾದ ನಾನು ಕುರ್ಚಿಯಲ್ಲಿದ್ದೆ. ವಯಸ್ಸಾಯಿತಪ್ಪ, ರಾತ್ರಿ ನಿದ್ದೆಯಿಲ್ಲ, ಫ್ಯಾನಿನ ಸದ್ದಿಗೆ ಸರಿಯಾಗಿ ಕೇಳಿಸಲ್ಲ ಎಂದೆಲ್ಲ ನಾಲಿಗೆಗೆ ಬಂತು. ತಡೆದುಕೊಂಡೆ.

“ನಾನು ಕೇಳ್ಲಿಲ್ಲ ಕಣಪ್ಪಾ. ಮಿಸ್ ನೆನಪಾದ್ರು. ತಪ್ಪು ನಂದು, ನಿಂದಲ್ಲ. ಇನ್ನೊಂದ್ಸಲ ಓದ್ತೀಯಾ?”

ಹುಡುಗ ಹಾಳೆಯನ್ನು ನೋಡುತ್ತ ನಿಂತ. ಆಮೇಲೆ ಪೆನ್ನು ತೆಗೆದು ಮೇಲಿನ ಸಾಲುಗಳನ್ನು ತಾನೇ ಹೊಡೆದುಹಾಕಿ ಓದಿದ: “ನಮ್ಮ ಗಲ್ಲಿಯ ತಿರುವಿನಲ್ಲಿ ಕಸ ಹಾಕಬಾರದೆಂದು ದೇವರ ಫೋಟೋ ಇಟ್ಟಿದ್ದಾರೆ. ಈಗ ಎಲ್ಲರೂ ಕೈಮುಗಿದು ಕಸವನ್ನು ಪಕ್ಕಕ್ಕೆ ಹಾಕುತ್ತಾರೆ.”

ನಾನು ಕಣ್ಣು ಮುಚ್ಚುವುದನ್ನೇ ಮರೆತು ಅವನ ಬಾಯಿ ನೋಡುತ್ತಿದ್ದೆ.